ಸಹಮ್‌ನಲ್ಲಿ ಹತ್ತುವವಳು

ಕಿಟಕಿಯಾಚೆ ಹಿಂದಕ್ಕೆ ಓಡುತ್ತಿರುವ ಈ ಖರ್ಜೂರದ ಮರಗಳನ್ನೆಲ್ಲ ನೆಟ್ಟವನು ಸೇಸಪ್ಪ, ಒಬ್ಬನೇ, ಮಸ್ಕತ್ತಿನಿಂದ ದುಬೈ ಗಡಿಯವರೆಗೆ, ಅದೂ ಚಹಾದ ಚಮಚದಲ್ಲಿ ಗುಂಡಿ ತೋಡಿ — ಹಾಗಂತ ಈಗಷ್ಟೇ ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಮುಗಿಸಿದ್ದಾನೆ, ಬಸ್ಸು ಬಿದ್ದು ಬಿದ್ದು ನಕ್ಕಿದೆ, ಮುಂದಿನ ಸೀಟಿನ ಡಾಲಿ ಕಣ್ಣೊರೆಸಿಕೊಳ್ಳುತ್ತ, ಸೇಸಪ್ಪಣ್ಣ ನೀವು ಬಿಡುವ ರೈಲಿಗೆ ಹಳಿಯೂ ಬೇಡ ಮಾರಾಯ್ರೆ, ಅಂದಿದ್ದಾಳೆ, ಇವನೂ ನಕ್ಕಿದ್ದಾನೆ, ನಕ್ಕ ಬಾಯಿ ಹಾಗೇ ತೆರೆದುಕೊಂಡಿದೆ, ಮುಚ್ಚುವುದು ಮರೆತುಹೋಗಿದೆ, ಪಕ್ಕದ ಸೀಟಿನಲ್ಲಿ ಹೊಸ ಕೆಂಪು ಹ್ಯಾಂಡ್‌ಬ್ಯಾಗಿನ ಮೇಲೆ ಕೂತ ಹಳದಿ ಟೊಪ್ಪಿ ಬಸ್ಸು ಕುಲುಕಿದ ಹಾಗೆಲ್ಲ ತಲೆಯಾಡಿಸುತ್ತಿದೆ, ಹೌದು ಹೌದು, ಇವನೇ ನೆಟ್ಟದ್ದು, ಹೌದು. ಟೊಪ್ಪಿ ದಮಯಂತಿಯದು. ದುಬೈ ಟ್ರಿಪ್ಪಿಗೆ ಅಂತ ಮಸ್ಕತ್ತಿನ ಊರವರ ಕ್ಲಬ್ಬಿನವರು ತಲೆಗೊಂದರಂತೆ ಹಂಚಿದ್ದು, ಇದು ನಿಮ್ಮ ಹೆಂಡತಿಗೆ ಅಂತ ಡಾಲಿಯೇ ತಂದು ಅಲ್ಲಿ ಇಟ್ಟದ್ದು, ಜೊತೆಗೆ ಎರಡು ಬನ್ಸಿನ ಪೊಟ್ಟಣ, ದಮಯಂತಿ ಅಕ್ಕ ಸಹಮ್‌ನಲ್ಲಿ ಹತ್ತಿದ ಮೇಲೆ ನೀವು ಹಿಂದೆ ಹೋಗಿ ಗಂಡಸರೊಟ್ಟಿಗೆ ಕೂತ್ಕೊಳ್ಳಿ, ನಮಗೆ ಮಾತಾಡ್ಲಿಕ್ಕುಂಟು. ಸಹಮ್‌ನಲ್ಲಿ ಹತ್ತುತ್ತಾಳೆ, ಅಲ್ಲಿ ಚಿಕ್ಕಪ್ಪನ ಮಗಳ ಮನೆಯಲ್ಲಿದ್ದಾಳೆ — ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಅಷ್ಟು ಹೇಳುವಾಗ ಬೇರೆ ಯಾವ ಊರಿನ ಹೆಸರೂ ನಾಲಗೆಗೆ ಬರಬಾರದಿತ್ತೇ, ಸೊಹಾರ್ ಅಂದಿದ್ದರೆ ಇನ್ನೊಂದಿಷ್ಟು ದಾರಿ ಸಿಗುತ್ತಿತ್ತು, ದುಬೈ ಅಂದಿದ್ದರೆ ಇಡೀ ದಾರಿಯೇ ಸಿಗುತ್ತಿತ್ತು, ಸುಳ್ಳು ಹೇಳುವುದರಲ್ಲಿ ಇಷ್ಟು ಅನುಭವ ಇದ್ದೂ ಹೀಗೆ ಮುಗ್ಗರಿಸಿದನಲ್ಲ. ದಮಯಂತಿಗೆ ಸಹಮ್‌ನಲ್ಲಿ ಯಾರೂ ಇಲ್ಲ. ದಮಯಂತಿ ಸಹಮ್‌ನಲ್ಲಿ ಇಲ್ಲ.

ರುಸ್ತಾಕ್‌ಗೆ ತಿರುಗುವ ಬೋರ್ಡು ದಾಟಿ ಎಷ್ಟೋ ಹೊತ್ತಾಯಿತು, ಟೊಪ್ಪಿ ಹೌದೆನ್ನುತ್ತದೆ, ಹಿಂದಿನ ಸೀಟುಗಳಲ್ಲಿ ಅಂತ್ಯಾಕ್ಷರಿ ಶುರುವಾಗಿದೆ, ಮೈಕು ಹಿಡಿದ ವಿಕ್ಟರ್, ಕ್ಲಬ್ಬಿನ ಅಧ್ಯಕ್ಷ, ಡಾಲಿಯ ಗಂಡ, ಯಲ್ಲಾ ಯಲ್ಲಾ ಗಂಟಲು ಬಿಡಿ ಎಂದು ಕೂಗುತ್ತಿದ್ದಾನೆ, ಇದೇ ವಿಕ್ಟರ್ ಅಲ್ಲವೇ ಪ್ರತಿ ವರ್ಷ ಹೇಳುತ್ತಿದ್ದುದು, ಬೇಜಾರು ಮಾಡ್ಬೇಡಿ ಸೇಸಪ್ಪಣ್ಣ, ಇದು ಫ್ಯಾಮಿಲಿ ಟ್ರಿಪ್, ಬ್ಯಾಚುಲರ್‌ಗಳಿಗೆ ಇಲ್ಲ. ಊರಿನಲ್ಲಿ ಹೆಂಡತಿ ಇದ್ದರೇನು, ಇಲ್ಲಿ ಇಲ್ಲದಿದ್ದರೆ ಗಂಡಸು ಬ್ಯಾಚುಲರ್, ಸೇಸಪ್ಪ ಇಪ್ಪತ್ತೆರಡು ವರ್ಷದಿಂದ ಬ್ಯಾಚುಲರ್, ಮಗಳಿಗೆ ಮದುವೆ ಮಾಡಿಕೊಟ್ಟ ಬ್ಯಾಚುಲರ್. ಪ್ರತಿ ದೊಡ್ಡ ರಜೆಗೂ ಬಸ್ಸು ಹೊರಡುವಾಗ ಎಲ್ಲರಿಗೂ ಚಹಾ ಕೊಟ್ಟು ಕೈಬೀಸಿ ರೂಮಿಗೆ ಹಿಂದಿರುಗಿದವನು. ಈ ಸಲ ಹಾಗಲ್ಲ ವಿಕ್ಟರ್ ಸಾರ್, ಈ ಸಲ ನಮ್ಮವಳು ಬರ್ತಾಳೆ, ವಿಮಾನದವರು ಅವಳಿಗೆ ಮುಂದಿನ ಬಾಗಿಲಲ್ಲೇ ಬನ್ನಿ ಅಂತ ಕಾಲು ಹಿಡಿದಿದ್ದಾರೆ! ಬರುತ್ತಾಳೆ ಅನ್ನುವುದು ಮಾತ್ರ ನಿಜವೇ ಆಗಿತ್ತು, ದೇವರಾಣೆ ನಿಜ, ವೀಸಾ ಆಗಿತ್ತು, ದುಬೈ ವೀಸಾ ಕೂಡ, ರಜೆಗೆ ಊರಿಗೆ ಹೋದ ಗೆಳೆಯ ಜೂಲಿಯನ್ ತನ್ನ ಫ್ಲ್ಯಾಟಿನ ಕೀಲಿ ಕೊಟ್ಟಿದ್ದ, ಹೊಸ ಹಾಸು ಹಾಸಿದ್ದಾಗಿತ್ತು, ಈ ಬ್ಯಾಗು ತಂದು, ಅದರೊಳಗೆ ಅವಳಿಗೆ ಅಂತ ಇಲ್ಲಿಯ ನಂಬರಿನ ಫೋನು ಹಾಕಿ, ಹತ್ತು ಸಲ ಚಾರ್ಜ್ ನೋಡಿ.

ಮಸ್ಕತ್ತಿನ ದೊಡ್ಡವರೆಲ್ಲ ಇರುವ ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ನನ್ನದು ವಿಲ್ಲಾ, ಅಂದಿದ್ದ ಅವಳಿಗೆ, ವರ್ಷಗಟ್ಟಲೆ, ಫೋನಿನಲ್ಲಿ, ಬಾಲ್ಕನಿಯಲ್ಲಿ ನಿಂತರೆ ಸಮುದ್ರ ಬಂದು ಚಪ್ಪಲಿ ನೆಕ್ಕಿ ಹೋಗ್ತದೆ, ನನ್ನ ಅರಬಿ ಧಣಿ, ಕಫೀಲ್, ನನ್ನನ್ನು ಕೇಳದೆ ಮೂಗೂ ಒರೆಸಿಕೊಳ್ಳುವುದಿಲ್ಲ, ಅವಳು ಹೌದಾ, ಹೌದಾ ಅನ್ನುತ್ತಿದ್ದಳು, ಎಷ್ಟು ಚಂದ ಅನ್ನುತ್ತಿದ್ದಳು. ಮದೀನತ್‌ನಲ್ಲಿ ಇರುವುದು ಇವನು ಚಹಾ ಮಾಡುವ ಆಫೀಸು. ಮಲಗುವುದು ಆರು ಜನರ ರೂಮಿನಲ್ಲಿ, ಕೆಳಗಿನ ಮಂಚದಲ್ಲಿ, ಮೇಲೆ ಹಂಝ. ನಿನ್ನೆ ಸಂಜೆ ವಿಮಾನ ನಿಲ್ದಾಣದಲ್ಲಿ ಇದೇ ಬ್ಯಾಗು ತೋಳಿಗೆ ಹಾಕಿಕೊಂಡು ನಿಂತಿದ್ದ, ಮಂಗಳೂರಿನ ಜನ ಹೊರಗೆ ಬಂದರು, ಬಂದು ಮುಗಿದರು, ಕೊನೆಗೆ ಗಾಲಿಕುರ್ಚಿಯ ಮುದುಕಿಯೊಬ್ಬಳು, ಆಮೇಲೆ ಬಾಗಿಲು ಮಾತ್ರ ತೆರೆದು ಮುಚ್ಚಿ ತೆರೆದು ಮುಚ್ಚಿ, ಆಗ ಇವನ ಫೋನು, ಅವಳದೇ ದನಿ, ಬಂದವರಲ್ಲಿ ನನ್ನನ್ನು ಹುಡುಕಬೇಡಿ, ನಾನು ಹತ್ತಲಿಲ್ಲ. ಎಂತ ಆಯ್ತು, ಹುಷಾರಿಲ್ವಾ? ಹುಷಾರುಂಟು. ನೀವು ಹೇಳಿದ ಒಮಾನ್ ನನಗೆ ಗೊತ್ತುಂಟು, ಅದು ಸಾಕು, ನೀವಿರುವ ಒಮಾನ್ ನೋಡುದು ಬೇಡ, ವಿಲ್ಲಾದಲ್ಲಿ ನೀವು ಮಾತಾಡುವಾಗ ದಿನಾ ಹಿಂದೆ ಯಾರೋ ಗೊರಕೆ ಹೊಡೀತಾರಲ್ಲ, ನನಗೆ ಕೇಳುದಿಲ್ಲ ಅಂತ ಎಣಿಸಿದ್ರಾ? ನಾನು ಬಂದು ಅದನ್ನೆಲ್ಲ ನೋಡಿದರೆ ಮತ್ತೆ ನೀವು ಫೋನಿನಲ್ಲಿ ಎಂತ ಹೇಳುದು, ನಾನು ಎಂತ ಕೇಳುದು? ಹಾಗಾದರೆ ನಾನೇ ಬರ್ತೇನೆ, ಕೆಲಸ ಖಲಾಸ್ ಮಾಡಿ ಬರ್ತೇನೆ, ಅಂದ. ಅವಳು ಅಂದಳು, ಬೇಡ. ಇಲ್ಲಿ ಎಲ್ಲ ಅಭ್ಯಾಸ ಆಗಿದೆ. ಬೈದಿದ್ದರೆ ಆಗುತ್ತಿತ್ತು, ಅತ್ತಿದ್ದರೆ ಆಗುತ್ತಿತ್ತು, ಚಹಾಕ್ಕೆ ಸಕ್ಕರೆ ಸಾಕಾ ಅಂತ ಕೇಳುವ ದನಿಯಲ್ಲಿ ಹೇಳಿದಳು. ಬೆಳಿಗ್ಗೆ ಜೂಲಿಯನ್‌ನ ಮನೆಯಲ್ಲಿ ಸುಕ್ಕಾಗದ ಆ ಹಾಸಿನ ಎದುರು ನಿಲ್ಲಲಾರದೆ ಬ್ಯಾಗು ಎತ್ತಿಕೊಂಡು ಬಸ್ಸಿನ ಹತ್ತಿರ ಓಡಿದ್ದು, ಒಬ್ಬರೇ ಯಾಕೆ ಅಂತ ವಿಕ್ಟರ್ ಕೇಳಿದ್ದು, ಸಹಮ್‌ನಲ್ಲಿ ಹತ್ತುತ್ತಾಳೆ.

ಬಸ್ಸು ನಿಧಾನಿಸುತ್ತಿದೆ, ಪೆಟ್ರೋಲ್ ಪಂಪು, ಅಂಗಡಿಗಳ ಸಾಲು, ಸಹಮ್, ಟೊಪ್ಪಿ ಒಮ್ಮೆ ಮುಂದಕ್ಕೆ ಬಾಗಿ ನೆಟ್ಟಗಾಗುತ್ತದೆ, ವಿಕ್ಟರ್ ಇಳಿದು ಅತ್ತ ಇತ್ತ ನೋಡಿ ಬಂದಿದ್ದಾನೆ, ಯಾರೂ ಇಲ್ವಲ್ಲ ಸೇಸಪ್ಪಣ್ಣ. ಬರ್ತಾಳೆ ಸಾರ್, ಅವಳು ಸೀರೆ ಉಡಲಿಕ್ಕೆ ಶುರು ಮಾಡಿದರೆ ಸಹಮ್‌ನ ಗಡಿಯಾರಗಳೆಲ್ಲ ನಿಂತು ಕಾಯ್ತವೆ — ಯಾರೋ ನಗುತ್ತಾರೆ, ಇನ್ನೊಂದು ಸ್ವಲ್ಪ ಹೊತ್ತು, ಇನ್ನೊಂದು ಕಥೆ ಹೇಳಿದರೆ ಇನ್ನೊಂದು ಸ್ವಲ್ಪ ಹೊತ್ತು, ಅಷ್ಟರಲ್ಲಿ ರಸ್ತೆಯಾಚೆಯಿಂದ ಯಾರಾದರೂ ಒಬ್ಬಳು, ಯಾರಾದರೂ — ಇರಿ, ನಾನೇ ಫೋನ್ ಮಾಡ್ತೇನೆ, ಟ್ರಿಪ್ಪಿಗೆ ಹೆಸರು ಬರೆಸುವಾಗ ಅವರ ನಂಬರ್ ನೀವೇ ಕೊಟ್ಟಿದ್ದೀರಲ್ಲ, ಎನ್ನುತ್ತಾಳೆ ಡಾಲಿ, ಬೇಡ ಡಾಲಿ ಬಾಯಿ, ಬೇಡ, ಅವಳು ಫೋನು ಕಿವಿಗಿಟ್ಟು ನಗುತ್ತ ಇವನನ್ನೇ ನೋಡುತ್ತಿದ್ದಾಳೆ, ಪಕ್ಕದ ಸೀಟಿನಲ್ಲಿ ಕೆಂಪು ಬ್ಯಾಗು ಹಾಡತೊಡಗುತ್ತದೆ. ಬ್ಯಾಗಿನ ಮೇಲೆ ಟೊಪ್ಪಿ ನಡುಗುತ್ತದೆ. ಅಂತ್ಯಾಕ್ಷರಿ ನಿಂತಿದೆ. ಡಾಲಿಯ ನಗು ಮುಖದಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿದೆ. ಒಂದು ಕಥೆ ಬೇಕು ಈಗ, ಇಡೀ ಜನ್ಮದಲ್ಲಿ ಹೇಳಿದ್ದಕ್ಕಿಂತ ದೊಡ್ಡದು, ನಾಲಗೆ ಹುಡುಕುತ್ತದೆ, ಏನೂ ಇಲ್ಲ, ಅವಳು ಸಹಮ್‌ನಲ್ಲಿ ಇಲ್ಲ, ಅನ್ನುತ್ತಾನೆ, ಮಸ್ಕತ್ತಿಗೂ ಬರಲಿಲ್ಲ, ಬರುವುದಿಲ್ಲ, ನಾನು ಹೋಗುವುದೂ ಬೇಡವಂತೆ, ನಾನು ಬ್ಯಾಚುಲರ್ ವಿಕ್ಟರ್ ಸಾರ್, ಇಳಿಯುತ್ತೇನೆ. ಇಳಿಯಿರಿ ಎಂದು ಯಾರೂ ಹೇಳುವುದಿಲ್ಲ, ಕೂತ್ಕೊಳ್ಳಿ ಎಂದೂ ಹೇಳುವುದಿಲ್ಲ, ಡಾಲಿ ಕರೆ ನಿಲ್ಲಿಸುವುದನ್ನು ಮರೆತಿದ್ದಾಳೆ, ಬ್ಯಾಗು ಹಾಡುತ್ತಲೇ ಇದೆ, ಬಸ್ಸು ನಿಂತೇ ಇದೆ, ಹಳದಿ ಟೊಪ್ಪಿ ತಲೆಯಾಡಿಸುತ್ತಿದೆ, ಹೌದು ಹೌದು, ಬಸ್ಸು ನಿಂತೇ ಇದೆ, ಹಳದಿ ಟೊಪ್ಪಿ…