ಮೋಟುಗಿವಿಯ ಕಿವಿ

ಮತ್ತೆ ಒಣಗಿತು ಗೋಂದು, ಬೆರಳ ತುದಿಯಲ್ಲಿ ಚರ್ಮದ ಮೇಲೊಂದು ಚರ್ಮ, ಉಜ್ಜಿದರೆ ಸುರುಳಿ ಸುರುಳಿಯಾಗಿ ಉದುರುತ್ತದೆ, ಉದುರಲಿ, ಅಂಟಿಸುವುದಿಲ್ಲ ಅವಳು ಈ ಮಾತನ್ನು — ಮೂವತ್ತೆಂಟು ಪದ, ದುಂಡಗೆ ಬರೆದವಳೂ ಅವಳೇ, ಗುಳ್ಳೆಯಾಕಾರಕ್ಕೆ ಕತ್ತರಿಸಿದವಳೂ ಅವಳೇ, ಈ ಚಿತ್ರಕಥೆ ವಾರಪತ್ರಿಕೆಯಲ್ಲಿ ಅವಳ ಕೆಲಸವೇ ಅದು, ಬರಹಗಾರ ಕೊಟ್ಟ ಮಾತನ್ನು ಬಿಳಿ ಕಾಗದದಲ್ಲಿ ಬರೆದು ಕತ್ತರಿಸಿ ಚಿತ್ರದ ಮೇಲೆ ಅಂಟಿಸುವುದು, ಮೋಟುಗಿವಿಯಂಥ ಕಳ್ಳನ ಬಾಯಿಗೆ ಮೂವತ್ತೆಂಟು ಪದ! ಮೊದಲಿನ ಬರಹಗಾರ, ಆ ಸಿಡುಕು ಮುದುಕ, ಪುಟಕ್ಕೆ ಮೂರೇ ಪದ ಕೊಡುತ್ತಿದ್ದ, ಗುಳ್ಳೆ ಅಂಗಿಯ ಗುಂಡಿಯಷ್ಟಿತ್ತು, ಅವಳಾಗ ಲಂಗದ ಹುಡುಗಿ, ಕಣ್ಣು ಮಂಜಾದ ಅಜ್ಜಿಗೆ ಓದಿ ಹೇಳುತ್ತಿದ್ದಳು, ಅಜ್ಜೀ, ಬೆಂಕಿ ಬಿದ್ದ ಮನೆಯಿಂದ ಮುದುಕೀನ ಹೊತ್ಕೊಂಡು ಬಂದ, ಆಮೇಲೆ, ಆಮೇಲೆ ಅವಳನ್ನ ಕೆಳಗಿಳಿಸಿ ಬಳೆ ಬಿಚ್ಕೊಂಡು ಹೋದ — ಅಜ್ಜಿ ನಕ್ಕೂ ನಕ್ಕೂ ಕೆಮ್ಮಿದಳು, ಎಲಾ ಇವನ, ನನ್ನ ಕಥೇಲಿ ಇರ್ಬೇಕಾದೋನು ಕಣೇ ಇವನು, ಕಿವಿ ಯಾಕೆ ಹರಿದಿದೆಯಂತೆ, ಬರೆದಿಲ್ಲ ಅಜ್ಜಿ, ಬರೀಬಾರ್ದು, ಹೇಳ್ಬಿಟ್ರೆ ಅವನ ಹತ್ರ ಏನುಳಿಯುತ್ತೆ, ಹಾಗೆಂದು ಅಜ್ಜಿ ತಾನೇ ದಿನಕ್ಕೊಂದು ಕಾರಣ ಕಟ್ಟುತ್ತಿದ್ದಳು, ಒಂದು ದಿನ ಚಂದ್ರ ಕಚ್ಚಿದ, ಒಂದು ದಿನ ಬಾವಿಯೊಳಗಿನ ರಾಣಿ ಹಿಡಿದೆಳೆದಳು.

ಈಗ ಅದಕ್ಕೂ ಕೈ ಹಾಕಿದರು. ಎರಡನೆಯ ಬರಹಗಾರ ಬಂದು ಅವನಿಗೊಬ್ಬ ಕಾಯಿಲೆಯ ತಂಗಿಯನ್ನು ಹುಟ್ಟಿಸಿದ, ಕದ್ದದ್ದೆಲ್ಲ ಅವಳ ಔಷಧಿಗಂತೆ, ಮೂರನೆಯವ ಬಂದು ಬಳೆಯನ್ನೇ ವಾಪಸು ಕೊಡಿಸಿದ, ಅದೂ ಕಣ್ಣೀರು ಸುರಿಸಿಕೊಂಡು, ಈ ವಾರ ಕಿವಿ — ಪುಟ್ಟ ನಾಯಿಮರಿಯನ್ನು ಮುಳ್ಳುತಂತಿಯಿಂದ ಬಿಡಿಸಲು ಹೋಗಿ ಹರಿಯಿತಂತೆ, ನಾಯಿಮರಿ, ಥೂ! ಹೇಳಿದಳಲ್ಲ ಅವಳು, ಸಾರ್, ಇವನು ಇಷ್ಟು ಮಾತಾಡೋನಲ್ಲ, ಆ ಮೂರನೆಯವ ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಕ್ಕ, ಓದುಗರಿಗೆ ಹತ್ತಿರ ಆಗ್ಬೇಕಲ್ವಾ ಮೇಡಂ, ಸ್ವಲ್ಪ ಒಳ್ಳೇತನ ಬೇಕು, ಹಾಗಾದ್ರೆ ಯಾರೋ ಒಳ್ಳೇ ಪೋಸ್ಟ್‌ಮ್ಯಾನ್ ಕಥೆ ಬರೀರಿ ಅಂದಳೇ, ಅನ್ನಲಿಲ್ಲ, ಅವನು ಬರೆದ ಹಾಳೆ ತೆಗೆದುಕೊಂಡು ಮೆಟ್ಟಿಲಿಳಿದಳು ಅಷ್ಟೇ.

ಗುಂಡಿಯಷ್ಟಿದ್ದ ಗುಳ್ಳೆ ಈಗ ಅಂಗೈಯಗಲ, ಪುಟದಲ್ಲಿ ಅದಕ್ಕೆ ನೀಲಿ ಪೆನ್ಸಿಲಿನ ಗುರುತಿದೆ, ಸರಿಯಾಗಿ ಕಿವಿಯ ಮೇಲೆ, ಗುರುತಿನೊಳಗೆ ಏನೂ ಚಿತ್ರಿಸದೆ ಬಿಡುವುದು ವಾಡಿಕೆ, ಹೇಗೂ ಮುಚ್ಚಿಹೋಗುತ್ತದೆ, ಆದರೆ ಎಲ್ಲರೂ ಮಾವ ಎನ್ನುವ ಚಿತ್ರಕಾರ ಬಿಟ್ಟಿಲ್ಲ, ಹರಿದ ಕಿವಿಯನ್ನು ಶಾಯಿಯಲ್ಲಿ ತಿದ್ದಿದ್ದಾನೆ, ಗೀರು ಗೀರಾಗಿ, ಯಾಕೆ ಮಾವ, ಮುಚ್ಚಿಹೋಗೋದಕ್ಕೆ ಇಷ್ಟೊಂದು ಕಷ್ಟ, ಅವನು ತಲೆಯೆತ್ತದೆ ಬ್ರಷ್ ತೊಳೆಯುತ್ತ, ಮುಚ್ಚೋಳು ನೀನು, ನನ್ನ ಕೇಳ್ತೀಯಲ್ಲಮ್ಮ — ಮುಚ್ಚೋಳು ನೀನು, ಹೌದು, ತಂಗಿಯನ್ನು ಅಂಟಿಸಿದ್ದು ಯಾರು, ಕಣ್ಣೀರನ್ನು ಅಂಟಿಸಿದ್ದು ಯಾರು, ಇದೇ ಕೈ, ಇದೇ ಮುದ್ದಾದ ಅಕ್ಷರ, ಬರೆದವರನ್ನು ಬೈಯುತ್ತ ಬೈಯುತ್ತ ಅಂಟಿಸಿದಳಲ್ಲ, ಬಾಗಿಲಲ್ಲಿ ಸಂಪಾದಕರು, ಆಯ್ತೇನಮ್ಮಾ, ಪುಟ ಅಚ್ಚಿಗೆ ಹೋಗ್ಬೇಕು, ಇನ್ನೊಂದೇ ನಿಮಿಷ ಸಾರ್, ಮತ್ತೆ ಗೋಂದು ಹಚ್ಚುತ್ತಾಳೆ, ಬಿಳಿ ಗುಳ್ಳೆಯನ್ನು ಎರಡು ಬೆರಳಲ್ಲಿ ಹಿಡಿದು ನೀಲಿ ಗುರುತಿನ ಮೇಲಕ್ಕೆ ತರುತ್ತಾಳೆ, ಕೆಳಗೆ ಕಿವಿ, ಕೈ ಇಳಿಯುವುದಿಲ್ಲ, ಚಂದ್ರ ಕಚ್ಚಿದ ಕಿವಿ, ರಾಣಿ ಎಳೆದ ಕಿವಿ, ಆಯ್ತೇನಮ್ಮಾ, ಗೋಂದು ಮತ್ತೆ ಒಣಗುತ್ತಿದೆ, ಒಣಗಲಿ, ಕೆಳಗೆ ಕಿವಿ, ಶಾಯಿ ಇನ್ನೂ ಹಸಿ, ಹರಿದ ಅಂಚು, ಆ ಕಿವಿ —