ಕುಡಿಯದವನ ಚಿಕಿತ್ಸೆ

"ಈ ಮಾರಿ ಟೀವ್ಯಾಗ ತೋರಿಸಿದ್ರ ಮಂದಿ ಟೀವಿ ಒಡದು ಕುಡಿಯಾಕ ಹೋಗ್ತಾರ. ಹಿಂದ ಸರಿಯಲೇ ಬೋಳಿಮಗನ."

ಹೀಗೆ ಬೈಸಿಕೊಂಡು ಹಿಂದೆ ಸರಿದವನು ಝಳಕಿಯ ಟೆಂಪೊ ಡ್ರೈವರ್ ಚೇತನಕುಮಾರ. ಬೈದವರು ಶ್ರೀಶೈಲಪ್ಪ ಸಾಹುಕಾರರು. ಇಂಡಿ ಊರಿನ ಆಚೆ ಹನ್ನೆರಡು ಎಕರೆ ನಿಂಬೆ ತೋಟ ಅವರದು, ತೋಟದ ನಡುವೆ ತಗಡು ಹೊದಿಸಿ ಕಟ್ಟಿದ ವ್ಯಸನಮುಕ್ತಿ ಕೇಂದ್ರವೂ ಅವರದೇ. ಆ ಶನಿವಾರ ಟೀವಿಯವರು ಬರುವವರಿದ್ದರು, ಅದೂ ನೇರ ಪ್ರಸಾರಕ್ಕೆ. ಹತ್ತೊಂಬತ್ತು ಮಂದಿ ರೋಗಿಗಳನ್ನು ಗಿಡಗಳ ಕೆಳಗೆ ಸಾಲು ನಿಲ್ಲಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಸಾಹುಕಾರರು ಮುಖ ಆರಿಸುತ್ತಿದ್ದರು. ಒಬ್ಬನ ಕೈ ನಡುಗುತ್ತಿತ್ತು. ಒಬ್ಬನ ಕಣ್ಣು ಹಳದಿ. ಇನ್ನೊಬ್ಬ ಕ್ಯಾಮೆರಾ ಎಂಬ ಮಾತು ಕಿವಿಗೆ ಬಿದ್ದದ್ದೇ ಅಳಲು ಶುರು ಮಾಡಿದ. ಅದೂ ಬೇಕಾಗುತ್ತದೆ, ಸ್ವಲ್ಪ ತಡೆ ಎಂದು ಅವನನ್ನು ಪಕ್ಕಕ್ಕೆ ಇಟ್ಟರು.

ಸಾಲಿನ ಕೊನೆಗೆ ಅಮೋಘಸಿದ್ಧ ನಿಂತಿದ್ದ. ನೆಟ್ಟಗಿನ ಬೆನ್ನು, ತಿಳಿಯಾದ ಕಣ್ಣು, ಕೈಯಲ್ಲಿ ನಿಂಬೆ ಕೀಳುವ ಕೊಕ್ಕೆಕೋಲು. ಪೂರ್ತಿ ಗುಣವಾದವನು ಎಂದರೆ ಇವನೇ ಎಂದು ಯಾರು ಬೇಕಾದರೂ ಹೇಳುವಂತಿದ್ದ. ಗುಣವಾಗದೆ ಏನು? ಹುಟ್ಟಿದಾಗಿನಿಂದ ಅವನು ಒಂದು ಹನಿ ಮುಟ್ಟಿದವನಲ್ಲ.

ಹದಿನೈದು ವರ್ಷ ಇದೇ ತೋಟದಲ್ಲಿ ಕೂಲಿಗೆ ನಿಂಬೆ ಕಿತ್ತವನು ಅವನು. ಹೋದ ಶ್ರಾವಣದಲ್ಲಿ ಜೊತೆಗೆ ಕೀಳುತ್ತಿದ್ದ ಜೋಹರಾಬಿಯ ಬಲಗಣ್ಣಿಗೆ ಮುಳ್ಳು ಹೊಕ್ಕು ಕಣ್ಣು ಹೋಯಿತು. ಆ ಹೆಂಗಸು ನಮ್ಮ ತೋಟಕ್ಕೆ ಕಾಲೇ ಇಟ್ಟಿಲ್ಲ ಎಂದುಬಿಟ್ಟರು ಸಾಹುಕಾರರು. ಅವಳು ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟಳು. ಕಂಡವರು ನಲವತ್ತು ಮಂದಿ ಇದ್ದರೂ ಸಾಕ್ಷಿಯೆಂದು ಸಹಿ ಹಾಕಿದವನು ಇವನೊಬ್ಬನೇ. ಮುಂದಿನ ವಾರವೇ ಬೋರಿನ ಮೋಟಾರು ಎತ್ತುವುದಿದೆ ಬಾ ಎಂದು ಕರೆದು, ಕೇಂದ್ರದ ಒಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿದರು. ದಾಖಲಾತಿಯ ಕಾಗದದಲ್ಲಿ ರೋಗಿಯ ಸಂಬಂಧಿಕರು ಎಂಬಲ್ಲಿ ಸಾಹುಕಾರರು ತಮ್ಮ ಹೆಸರು ಬರೆದರು. ಏನು ಸಂಬಂಧ ಎಂಬಲ್ಲಿ 'ತಂದೆ ಸಮಾನ' ಎಂದು ತುಂಬಿದರು. ಹೆಂಡತಿ ಬಾಳಮ್ಮ ಗೇಟಿಗೆ ಬಂದರೆ, ನಿನ್ನ ಮುಖ ಕಂಡರೆ ಅವನಿಗೆ ರೋಗ ಮರುಕಳಿಸುತ್ತದೆ ಎಂದು ಕಳಿಸಿಬಿಟ್ಟರು.

ಚಿಕಿತ್ಸೆ ಎಂದರೆ ಹೊತ್ತು ಹುಟ್ಟುವುದರಿಂದ ಮುಳುಗುವ ತನಕ ನಿಂಬೆ ಕೀಳುವುದು. ಶ್ರಮ ಚಿಕಿತ್ಸೆ ಎಂದು ಬೋರ್ಡು ಬರೆಸಿದ್ದರು. ನಿನ್ನೆಯ ತನಕ ಕೂಲಿಗೆ ಕಿತ್ತ ಕಾಯಿಯನ್ನೇ ಇವತ್ತು ಔಷಧಿಯೆಂದು ಕೀಳಬೇಕು, ಇಷ್ಟೇ ವ್ಯತ್ಯಾಸ.

ತಜ್ಞರು ಡಾಕ್ಟರ್ ವಿನೀತ. ಪುಣೆಯಲ್ಲಿ ಓದಿದವರು, ವಾರಕ್ಕೊಮ್ಮೆ ಬರುತ್ತಿದ್ದರು. ತಾನು ಕುಡಿಯುವವನಲ್ಲ ಎಂದು ಅಮೋಘಸಿದ್ಧ ಮೊದಲ ವಾರ ಹೇಳಿದ. ರೋಗ ಇದೆ ಎಂದು ಬರೆದುಕೊಂಡರು. ಎರಡನೆಯ ವಾರ ಅವ್ವನ ಆಣೆ ಹಾಕಿ ಹೇಳಿದ. ರೋಗ ಉಲ್ಬಣ ಎಂದು ಬರೆದರು. ಮೂರನೆಯ ವಾರ ಬೇಸತ್ತು ಸುಮ್ಮನೆ ಕೂತ. ಸುಧಾರಣೆ ಎಂದು ಬರೆದರು.

ಈಗ ಸಾಹುಕಾರರು ಅವನ ಹೆಗಲ ಮೇಲೆ ಕೈಹಾಕಿ ಗಿಡದ ಮರೆಗೆ ಕರೆದರು.

"ಸೋಮವಾರ ಆ ಒಕ್ಕಣ್ಣಿ ವಿಚಾರಣಿ ಐತಿ. ಇವತ್ತ ಟೀವಿ ಮುಂದ, ನಾ ಹಾಡಾಹಗಲ ಕುಡೀತಿದ್ನಿ, ಏನ್ ನೋಡ್ತಿದ್ನ್ಯೋ ಏನ್ ಮಾತಾಡ್ತಿದ್ನ್ಯೋ ನೆಪ್ಪಿಲ್ಲ ಅನ್ನು. ಮಧ್ಯಾಹ್ನ ಮನ್ಯಾಗ ಇರ್ತಿ. ಅನ್ನಲಿಲ್ಲೋ, ಇನ್ನಾ ಮೂರು ತಿಂಗಳು ಇಲ್ಲೇ ಕೊಳಿ."

ಅಮೋಘಸಿದ್ಧನಿಗೆ ಲೆಕ್ಕ ತಿಳಿಯಿತು. ಅನ್ನದಿದ್ದರೆ ಸೋಮವಾರ ಅವನು ಒಳಗೇ. ಹಾಗೆ ಅಂದುಬಿಟ್ಟರೆ ಹೊರಗೆ, ಆದರೆ ಊರೆಲ್ಲ ನೋಡಿದ ಕುಡುಕ. ಅವನ ಸಾಕ್ಷಿಗೆ ಯಾರು ಬೆಲೆ ಕೊಟ್ಟಾರು? ಎರಡರಲ್ಲೂ ಸುಳ್ಳಾಗಿ ಹೋಗುವುದು ಜೋಹರಾಬಿಯ ಕಣ್ಣೇ. "ಆತ್ರೀ ಸಾವ್ಕಾರ್ರ" ಎಂದು ಬಂದು ಸಾಲಿನಲ್ಲಿ ನಿಂತ.

ಟೀವಿಯ ಜಯಮಾಲಾ ಬಂದಳು, ಹಿಂದೆ ಕ್ಯಾಮೆರಾ ಹೊತ್ತ ಸುನೀಲಕುಮಾರ. ತಜ್ಞರ ಮುಖಕ್ಕೆ ಮೂರು ಸಲ ಪೌಡರು ಬಡಿದರು, ಮೂರು ಸಲವೂ ಬೆವರು ಅದನ್ನು ಕಣ್ಣಿಗೆ ಇಳಿಸಿತು. ಯೋಚಿಸುತ್ತ ನಡೆದುಬನ್ನಿ ಎಂದು ಜಯಮಾಲಾ ಹೇಳಿದಳು. ಯೋಚಿಸುತ್ತ ನಡೆದ ತಜ್ಞರ ಕಾಲು ನೀರಿನ ಕಾಲುವೆಗೆ ಹೋಯಿತು. ಇದು ಯಾವ ಚಾನೆಲ್ಲು, ನಮ್ಮ ಝಳಕಿ ಧಾಬಾದ ಟೀವಿಯಲ್ಲೂ ಕಾಣುತ್ತದೆಯೇ ಎಂದು ಚೇತನಕುಮಾರ ಹಿಂದಿನಿಂದ ವಿಚಾರಿಸಿದ. ಅಲ್ಲಿ ಅವನನ್ನು ಬಲ್ಲವರು ಬಹಳ ಮಂದಿ.

ಕ್ಯಾಮೆರಾದ ಕೆಂಪು ದೀಪ ಹತ್ತಿತು. ತಜ್ಞರು ಅಮೋಘಸಿದ್ಧನ ತೋಳನ್ನು ಎತ್ತಿ ಹಿಡಿದರು.

"ಗಮನಿಸಿ. ಮದ್ಯ ಸಿಗದಾಗ ರೋಗಿ ತನ್ನ ಮೈಯನ್ನು ತಾನೇ ಹೀಗೆ ಪರಚಿಕೊಳ್ಳುತ್ತಾನೆ. ಕೇಳಿದರೆ, ನಾನು ಕುಡಿಯುವುದಿಲ್ಲ ಎನ್ನುತ್ತಾನೆ. ಹಾಗೆ ಹೇಳುವುದೇ ಈ ಕಾಯಿಲೆಯ ಮೊದಲ ಲಕ್ಷಣ."

ನಿಂಬೆಮುಳ್ಳು ಗೀರಿದ ತಮ್ಮ ತಮ್ಮ ಕೈಗಳನ್ನು ಉಳಿದ ಹದಿನೆಂಟು ಮಂದಿಯೂ ತಿರುಗಿಸಿ ನೋಡಿಕೊಂಡರು. ದಿನಕ್ಕೆ ಎಷ್ಟು ಕುಡಿಯುತ್ತಿದ್ದಿರಿ ಎಂದು ಜಯಮಾಲಾ ಅಮೋಘಸಿದ್ಧನ ಬಾಯಿಗೆ ಮೈಕು ಹಿಡಿದಳು.

"ಹೇಳ್ತೇನ್ರಿ ಅಕ್ಕಾರ. ಮೊದಲ ನಮ್ಮ ಸಾವ್ಕಾರ್ರನ್ನ ಕೇಳ್ರಿ, ಅವರು ಕುಡೀತಾರೇನು ಅಂತ."

ಮೈಕು ಸಾಹುಕಾರರ ಕಡೆ ತಿರುಗಿತು.

"ನಾನಾ? ಶಿವಶಿವಾ. ಹನಿ ಮುಟ್ಟಿದಾಂವಲ್ರಿ ನಾ."

"ಬರಕೋರ್ರಿ ಡಾಕ್ಟರ ಸಾಹೇಬ್ರ," ಎಂದ ಅಮೋಘಸಿದ್ಧ. "ಇವ್ರಿಗೂ ಮೂರು ತಿಂಗಳು."

ರೂಢಿಯ ಬಲದಿಂದ ತಜ್ಞರ ಕೈ ಜೇಬಿನ ಪೆನ್ನಿಗೆ ಹೋಗಿಯೇಬಿಟ್ಟಿತ್ತು. ಸಾಹುಕಾರರ ಮುಖ ಕೆಂಪಾಯಿತು. "ಏ ಹಲ್ಕಟ್, ನಮ್ಮವ್ವನ ಆಣಿ, ನಾ ಕುಡಿಯೂದಿಲ್ಲಲೇ."

"ಉಲ್ಬಣ ಆತ್ರಿ," ಎಂದ ಹಿಂದಿನಿಂದ ಚೇತನಕುಮಾರ.

ಅಳಲೆಂದು ಇಟ್ಟಿದ್ದವನು ಮೊದಲು ನಕ್ಕ. ಅವನ ಹಿಂದೆ ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಆ ಗದ್ದಲದಲ್ಲಿ ಅಮೋಘಸಿದ್ಧ ಕೊಕ್ಕೆಕೋಲನ್ನು ಸಾಹುಕಾರರ ಕೈಗೆ ಕೊಟ್ಟು, ಅವರ ಬೆರಳನ್ನು ಅದರ ಸುತ್ತ ತಾನೇ ಮಡಿಸಿದ.

"ಮ್ಯಾಲಿನ ಟೊಂಗಿಗೆ ಹುಷಾರ್ರಿ. ಜೋಹರಾಬಿ ಕಣ್ಣು ಹೋಗಿದ್ದು ಇದ ಗಿಡದಾಗ. ಮುಳ್ಳು ಕಿತ್ತಾಂವ ನಾನ."

ಹೇಳಿ ಗೇಟಿನ ಕಡೆ ನಡೆದ. ಸುನೀಲಕುಮಾರನ ಕಿವಿಯೊಳಗಿನ ಯಂತ್ರದಲ್ಲಿ ಸ್ಟುಡಿಯೊದವರು ಯಾರೋ ನಿಲ್ಲಿಸಬೇಡ, ಚೆನ್ನಾಗಿದೆ ಎಂದಿರಬೇಕು, ಅವನು ಕ್ಯಾಮೆರಾ ಹೊತ್ತು ಬೆನ್ನು ಹತ್ತಿದ. ಕೆಂಪು ದೀಪ ಕಂಡ ಕಾವಲುಗಾರ ಟೋಪಿ ಸರಿಮಾಡಿಕೊಂಡು, ಸೆಲ್ಯೂಟು ಹೊಡೆದು, ಗೇಟು ತೆರೆದ. ಹತ್ತೊಂಬತ್ತು ಮಂದಿಯೂ ಹೊರಬಿದ್ದರು. ಚೇತನಕುಮಾರ ಝಳಕಿಯ ದಾರಿ ಹಿಡಿದ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಸೋಮವಾರದ ಹೊತ್ತಿಗೆ ತಜ್ಞರು ಇನ್ನೆರಡು ಚಾನೆಲ್ಲುಗಳಲ್ಲಿ ಕೂತು, ಓಡಿಹೋಗುವುದು ಕಾಯಿಲೆಯ ಎರಡನೆಯ ಲಕ್ಷಣ ಎಂದು ವಿವರಿಸಿದ್ದರು. ಟೀವಿಯವರು ಮರುಪ್ರಸಾರದಲ್ಲಿ ಸಾಹುಕಾರರ ಆಣೆಯನ್ನೂ ಮುಳ್ಳಿನ ಮಾತನ್ನೂ ಕತ್ತರಿಸಿ, ಅಮೋಘಸಿದ್ಧ ನಡೆದುಹೋಗುವುದಕ್ಕೆ ಮಾತ್ರ ದುಃಖದ ಸಂಗೀತ ಹಾಕಿ ಎಂಟು ಸಲ ತೋರಿಸಿದ್ದರು.

ಕಾರ್ಮಿಕ ಅಧಿಕಾರಿ ಕಡತದಿಂದ ತಲೆ ಎತ್ತಿದರು.

"ನಿನ್ನ ಟೀವ್ಯಾಗ ನೋಡೇನಿ. ಕೇಂದ್ರದಿಂದ ಕಾಗದಾನೂ ಬಂದೈತಿ. ಕುಡುಕನ ಸಾಕ್ಷಿ ಹೆಂಗ ಬರಕೊಳ್ಳಿ ನಾ?"

ಅಮೋಘಸಿದ್ಧ ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದ, ಅಧಿಕಾರಿಯ ಮೂಗಿನ ಹತ್ತಿರ ಬಾಯಿ ತೆರೆದ.

"ಮೂಸ್ರಿ."

ಅಧಿಕಾರಿ ಕುರ್ಚಿಯನ್ನು ಹಿಂದೆ ಸರಿಸಿದರು. ಅವನು ಇನ್ನಷ್ಟು ಬಗ್ಗಿದ. ಕುರ್ಚಿ ಗೋಡೆಗೆ ತಾಗಿ ನಿಂತಿತು. ಅವನ ಪಕ್ಕಕ್ಕೆ ಜೋಹರಾಬಿ ಬಂದು, ಒಂದೇ ಕಣ್ಣಿನಿಂದ ಸಾಹೇಬರನ್ನು ನೋಡುತ್ತ ತಾನೂ ಬಾಯಿ ತೆರೆದಳು. ಬಾಳಮ್ಮ ತೆರೆದಳು. ಆವತ್ತು ಕಂಡೂ ಸಹಿ ಹಾಕದೆ, ಶನಿವಾರ ನೇರ ಪ್ರಸಾರವನ್ನೂ ಕಂಡವರು ಬಾಗಿಲಿನಿಂದ ಮೆಟ್ಟಿಲ ತನಕ, ಮೆಟ್ಟಿಲಿನಿಂದ ಝೆರಾಕ್ಸ್ ಅಂಗಡಿಯ ತನಕ ಒಬ್ಬರ ಹಿಂದೊಬ್ಬರು ಬಾಯಿ ತೆರೆದು ನಿಂತರು. ಕಿಟಕಿ ತೆಗೆಯಲೇ ಎಂದು ಜವಾನ ಕೇಳಿದ. ಮೂಸಿದರೆ ಬರೆದುಕೊಳ್ಳಬೇಕಾಗುತ್ತದೆಂದು ಸಾಹೇಬರು ಉಸಿರು ಬಿಗಿಹಿಡಿದಿದ್ದರಿಂದ ಏನೂ ಹೇಳಲಾಗಲಿಲ್ಲ.

ಅಮೋಘಸಿದ್ಧ ಬಾಯಿ ಮುಚ್ಚಲಿಲ್ಲ.