ಎರಡನೇ ಸಲದ ಹಾಡು

ಕ್ರಾಫರ್ಡ್ ಒದ್ದೆ ಬಟ್ಟೆಯ ಮೇಲೆ ಲ್ಯಾವೆಂಡರ್ ಸೆಂಟು ಸಿಂಪಡಿಸುವುದನ್ನು ಕಂಡು ಡೊಲೀನಾ ಅವನ ಕೈ ಹಿಡಿದು ತಡೆದಳು.

"ಏನ್ರೀ ಅದು ನೀವು ಮಾಡ್ತಿರೋದು?"

"ನಾತ ಅಮ್ಮಾ, ನಾತ! ಬಸ್ಸಲ್ಲಿ ಬಂದೋರೆಲ್ಲ ಮೂಗು ಮುಚ್ಕೊಂಡು ಕೂತಿದಾರೆ."

"ಉಚ್ಚೆ ನಾರದೆ ಇನ್ನೇನು ಮಾಡುತ್ತೆ? ಉಣ್ಣೆಯ ಜಿಡ್ಡು ಹೋಗಲಿ, ಬಣ್ಣ ನಿಲ್ಲಲಿ ಅಂತ ಊರಿನ ಮನೆಮನೆಯಿಂದ ಕೂಡಿಸಿ, ಹಳಸಿಟ್ಟು, ಬಟ್ಟೆ ನೆನೆಸಿದ್ದು. ನಿಮ್ಮ ಸೆಂಟಿಗಿಂತ ಅದೇ ವಾಸಿ."

ಹೋಟೆಲಿನ ಹಜಾರದಲ್ಲಿ ಉದ್ದನೆಯ ಹಲಗೆಯ ಸುತ್ತ ಕೂತ ಹೆಂಗಸರು ಕಿಸಕ್ಕೆಂದರು. ಕ್ರಾಫರ್ಡ್ ಹೋಟೆಲಿನ ಮ್ಯಾನೇಜರ್. ದೂರದ ಎಡಿನ್‌ಬರೋ ಪಟ್ಟಣದವನು. ಹ್ಯಾರಿಸ್ ದ್ವೀಪಕ್ಕೆ ಬಂದು ಎರಡು ಬೇಸಿಗೆ ಕಳೆದಿರಲಿಲ್ಲ, ಆಗಲೇ ಪ್ರವಾಸಿಗರಿಗೆ ದ್ವೀಪದ ಪದ್ಧತಿಗಳನ್ನು ವಿವರಿಸುತ್ತಿದ್ದ. ಅವನ ಬಾಯಲ್ಲಿ ತನ್ನ ಅಜ್ಜಿಯ ಕಾಲದ ಮಾತು ಕೇಳಿದರೆ ಡೊಲೀನಾಳಿಗೆ ಎಂಜಲು ತಟ್ಟೆಯಲ್ಲಿ ಉಂಡಂತಾಗುತ್ತಿತ್ತು.

ಇವತ್ತಿನದು ದಿನವೂ ಪ್ರವಾಸಿಗರಿಗೆ ಬಡಿದು ತೋರಿಸುವ ತೋರಿಕೆಯ ಬಟ್ಟೆಯಲ್ಲ. ಡೊಲೀನಾಳ ತಂಗಿ ಕೇಟಿ ವಸಂತದಲ್ಲಿ ತೀರಿಕೊಳ್ಳುವ ಮೊದಲು ಮಗ್ಗದಲ್ಲಿ ನೇಯ್ದ ಕೊನೆಯ ಉಣ್ಣೆ ಬಟ್ಟೆ. ಕೇಟಿಯ ಮಗಳು ಈಶಬೆಲ್ ತುಂಬು ಬಸುರಿ. ಹುಟ್ಟುವ ಕೂಸಿಗೆ ಹೊದಿಕೆ ಇದು. ಹೋದ ವರ್ಷದ ಕೂಸು ಉಳಿಯಲಿಲ್ಲ. ಹಾಗಾಗಿ ಈ ಸಲ ಎಲ್ಲ ಹಳೆಯ ರೀತಿಯಲ್ಲೇ ಆಗಬೇಕೆಂದು ಡೊಲೀನಾ ಹಟ ಹಿಡಿದಿದ್ದಳು. ಬಟ್ಟೆ ಬಡಿಯುವ ಉದ್ದನೆಯ ಹಲಗೆಯನ್ನು ಹೋಟೆಲಿನವರು ಅಲಂಕಾರಕ್ಕೆಂದು ಕೊಂಡುಬಿಟ್ಟಿದ್ದರಿಂದ ಇಲ್ಲಿಗೇ ಬಂದು ಪ್ರವಾಸಿಗರ ಎದುರಿಗೇ ಬಡಿಯಬೇಕಾಯಿತು.

ಉಣ್ಣೆ ಕೂಡಿ ದಪ್ಪಗಾಗಲೆಂದು ಹೆಂಗಸರು ಅದನ್ನು ಹಲಗೆಗೆ ಬಡಿಯತೊಡಗಿದರು. ಬಟ್ಟೆ ಕೈಯಿಂದ ಕೈಗೆ ಬಲಕ್ಕೆ ಸರಿಯುತ್ತ ಸುತ್ತು ಬಂತು. ಒಬ್ಬಳು ಹೇಳಿದ ಸಾಲಿಗೆ ಉಳಿದವರು ಪಲ್ಲವಿ ಕೂಡಿಸಿದರು. ಒಂದು ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಪ್ರವಾಸಿಗರ ಮುಂದಿನ ಸಾಲಿನಲ್ಲಿದ್ದ ಒಬ್ಬ ಗಂಡಸು ಕೈಯೆತ್ತಿ, ತನ್ನ ಫೋನಿನಲ್ಲಿ ವೀಡಿಯೋ ಹಿಡಿದಿಲ್ಲ ಎಂದ.

"ಅದನ್ನೇ ಇನ್ನೊಂದು ಸಲ ಹಾಡಿಬಿಡಿ," ಎಂದ ಕ್ರಾಫರ್ಡ್.

"ಆಗೋದಿಲ್ಲ. ಒಂದು ಬಟ್ಟೆ ಮೇಲೆ ಹಾಡಿದ ಹಾಡನ್ನ ಅದೇ ಬಟ್ಟೆ ಮೇಲೆ ಮತ್ತೆ ಹಾಡಬಾರದು. ಹೊದ್ದೋರಿಗೆ ಕೇಡು."

"ಯಾರಿಗೆ ಗೊತ್ತಾಗುತ್ತೆ ಬಿಡೀಮ್ಮ."

"ಸಾವಿಗೆ ತಡವಾಗಿ ಬಂದೋರು ಕೇಳಿದ್ರು ಅಂತ ಹೆಣಾನ ಎರಡು ಸಲ ಹೂಳ್ತೀರೇನು ನೀವು?"

ಕ್ರಾಫರ್ಡ್ ಹಲಗೆಯ ಬಳಿ ಕೂತಿದ್ದ ಈಶಬೆಲ್‌ಳ ಕಡೆ ನೋಡಿದ. ಅವಳು ಅದೇ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಕೆಂಪಗಾಗಿ, "ಹೋಗ್ಲಿ ದೊಡ್ಡಮ್ಮ, ಒಂದು ಹಾಡು ತಾನೇ," ಎಂದು ತಾನೇ ಮೊದಲ ಸಾಲು ಎತ್ತಿಕೊಂಡಳು.

ತನ್ನ ಕೂಸಿನ ಹೊದಿಕೆಯ ಮೇಲೆ! ಥೂ, ಇದನ್ನು ನೋಡಲು ಕೇಟಿ ಇಲ್ಲದ್ದೇ ಒಳ್ಳೆಯದಾಯಿತು. ಉಳಿದವರು ಪಲ್ಲವಿಗೆ ಬಾಯಿ ತೆರೆಯುವಷ್ಟರಲ್ಲಿ ಡೊಲೀನಾ ಬಟ್ಟೆಯನ್ನು ಅವರ ಕೈಯಡಿಯಿಂದ ಸರಕ್ಕನೆ ಎಳೆದುಕೊಂಡಳು. ಪಕ್ಕದ ಮೇಜಿನ ಮೇಲಿದ್ದ ಚೌಕುಳಿ ಹಾಸನ್ನು ಕಿತ್ತು ಹಲಗೆಯ ಮೇಲೆ ಎಸೆದಳು. ಬಿಸ್ಕತ್ತಿನ ಪುಡಿ ಚೆಲ್ಲಾಡಿತು.

"ತಗೊಳ್ಳಿ. ಇದನ್ನ ಬಡೀರಿ. ಎಷ್ಟು ಸಲ ಬೇಕಾದ್ರೂ ಹಾಡ್ಕೊಳ್ಳಿ."

ಅವರು ಬಡಿದರು. ಫೋನುಗಳು ಮೇಲೆದ್ದವು. "ವಾಸಿ, ಇದಕ್ಕೆ ವಾಸನೆಯೂ ಇಲ್ಲ, ನೋಡೋಕೂ ಚೆನ್ನಾಗಿದೆ. ನಾಳೆಯಿಂದ ಇದೇ ಇರಲಿ," ಎಂದು ಕ್ರಾಫರ್ಡ್ ಖುಷಿಯಿಂದ ಹೇಳಿದ್ದು ಬಾಗಿಲು ದಾಟುತ್ತಿದ್ದ ಡೊಲೀನಾಳ ಕಿವಿಗೆ ಬಿತ್ತು. ಒಬ್ಬರಾದರೂ, ಆ ಬಟ್ಟೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ.

ಹೊರಗೆ ಗಿಡ್ಡ ಕಲ್ಲುಗೋಡೆಯ ಮೇಲೆ ಒದ್ದೆ ಬಟ್ಟೆಯನ್ನು ಹಾಕಿಕೊಂಡು ಕೂತಳು. ಅರ್ಧ ಬಡಿದ ಬಟ್ಟೆ. ಗಾಳಿ ತಡೆಯುವಷ್ಟು ಇನ್ನೂ ದಪ್ಪಗಾಗಿಲ್ಲ. ಒಬ್ಬಳಿಂದ ಆಗುವ ಕೆಲಸವಲ್ಲ. ಒಳಗಿನಿಂದ ಅದೇ ಹಾಡು ಮತ್ತೆ ಮೊದಲಿನಿಂದ ಕೇಳಿಸಿತು.

ಬಾಗಿಲು ಕಿರುಗುಟ್ಟಿತು. ಈಶಬೆಲ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದಳು.

"ಮೂರನೇ ಸಲ ಶುರುಮಾಡಿದ್ರು. ನಂಗೆ ವಾಕರಿಕೆ ಬಂತು."

"ಬಸುರೀಗೆ ವಾಕರಿಕೆ ಬರದೆ ಇನ್ಯಾರಿಗೆ ಬರುತ್ತೆ?" ಡೊಲೀನಾ ಮುಖ ತಿರುಗಿಸಿದಳು.

"ಇದು ಆ ವಾಕರಿಕೆ ಅಲ್ಲ, ದೊಡ್ಡಮ್ಮ."

ಈಶಬೆಲ್ ಗೋಡೆಯ ಆಚೆ ಬದಿಗೆ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದಳು.

"ಇನ್ನೂ ಹಾಡದೆ ಇರೋದು ಯಾವುದಿದೆ?"

"ನಿಮ್ಮಮ್ಮ ಹಾಡ್ತಿದ್ದದ್ದು."

ಲ್ಯಾವೆಂಡರ್ ತಾಗಿದ ಮಗ್ಗುಲನ್ನು ಕೆಳಗೆ ಮಡಚಿ, ಡೊಲೀನಾ ಕಲ್ಲಿನ ಮೇಲೆ ಮೊದಲ ಪೆಟ್ಟು ಹಾಕಿದಳು.